ಗಿಟಾರಿಗೆ ಹೊಸ ಪಿಕಪ್ ಕೊಳ್ಳುವ ಮೊದಲು ಒಂದು ಸ್ಟೀಲ್ ಸ್ಕೇಲ್

ಕಾರವಾರದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಕೊರತೆಯಿಲ್ಲ. ಚರ್ಚಿನ ಗಾಯನವೃಂದದಲ್ಲಿ, ಗಣೇಶ ಚೌತಿಯ ಆರ್ಕೆಸ್ಟ್ರಾಗಳಲ್ಲಿ, ಕಾಲೇಜಿನ ಸ್ನೇಹ ಸಮ್ಮೇಳನಗಳಲ್ಲಿ ಅದು ಕಂಡೇ ಕಾಣುತ್ತದೆ. ಆದರೆ ಅದನ್ನು ಬಿಚ್ಚಿ ದುರಸ್ತಿ ಮಾಡುವವರು ಹತ್ತಿರದಲ್ಲಿ ಸಿಗುವುದು ಕಷ್ಟವಾದ್ದರಿಂದ, ಧ್ವನಿ ಸ್ವಲ್ಪ ಕೆಟ್ಟಿತೆಂದರೆ ಹೆಚ್ಚಿನವರು ಆನ್‌ಲೈನಿನಲ್ಲಿ ತಂತಿಯ ಕೆಳಗೆ ಕೂತು ಅದರ ನಾದವನ್ನು ಹಿಡಿಯುವ ಪಿಕಪ್ಪನ್ನೇ ಹೊಸದಾಗಿ ತರಿಸಿಬಿಡುತ್ತಾರೆ. ಪರಿಚಯದವರ ಗಿಟಾರುಗಳನ್ನು ಬಿಚ್ಚಿ ಜೋಡಿಸುತ್ತ ಬಂದಿರುವ ನನ್ನ ಅನುಭವದಲ್ಲಿ, ಹಾಳಾಗಿದೆಯೆಂದು ಕಿತ್ತುಹಾಕುವ ಪಿಕಪ್‌ಗಳಲ್ಲಿ ಬಹುಪಾಲು ಹಾಳಾಗಿರುವುದಿಲ್ಲ, ಅವುಗಳ ಎತ್ತರ ತಪ್ಪಿರುತ್ತದೆ. ಎತ್ತರ ಹೊಂದಿಸದೆ ಹೊಸದನ್ನು ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಸರಿ.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ಸುರುಳಿ. ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಗೂ ಕಾಂತಗುಣ ಕೊಡುತ್ತದೆ. ಆ ತಂತಿ ಮಿಡಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಕಪ್ಪನ್ನು ತಂತಿಯ ಹತ್ತಿರ ತಂದಷ್ಟೂ ಸದ್ದು ಜೋರಾಗುವುದು ನಿಜ, ಆದ್ದರಿಂದಲೇ ಎಲ್ಲರ ಕೈಯೂ ಸ್ಕ್ರೂ ತಿರುಗಿಸಿ ಅದನ್ನು ಮೇಲೇರಿಸುವ ಕಡೆಗೇ ಹೋಗುತ್ತದೆ. ಆದರೆ ತೀರಾ ಹತ್ತಿರ ಬಂದ ಅಯಸ್ಕಾಂತ ತಂತಿಯನ್ನು ತನ್ನತ್ತ ಎಳೆಯುತ್ತದೆ, ಅದು ತನ್ನಿಷ್ಟದಂತೆ ಅದುರಲು ಬಿಡುವುದಿಲ್ಲ. ಆಗ ನಾದ ಬೇಗ ಸಾಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು) ಶ್ರುತಿ ನಿಲ್ಲುವುದಿಲ್ಲ.

ಕೋಡಿಬಾಗದ ಹುಡುಗನೊಬ್ಬ ಈಚೆಗೆ ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್) ಮಾದರಿಯ, ಮೂರು ಪಿಕಪ್‌ಗಳ ಗಿಟಾರ್ ತಂದು, "ಅಣ್ಣಾ, ನೆಕ್ ಪಿಕಪ್ ಹೋಗಿದೆ, ಬೇರೆ ಹಾಕಿ ಕೊಡಿ" ಎಂದ. ಕುತ್ತಿಗೆಯ ಪಕ್ಕದಲ್ಲಿರುವುದೇ ನೆಕ್ ಪಿಕಪ್. "ಟ್ಯೂನರ್ ಹಚ್ಚು, ದಪ್ಪ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಿಂದ ಮೇಲೆ ಬಾರಿಸುತ್ತ ಹೋಗು" ಎಂದೆ. ಟ್ಯೂನರಿನ ಮುಳ್ಳು ಒಂದೆಡೆ ನಿಲ್ಲಲೇ ಇಲ್ಲ. ಕಿವಿಗೊಟ್ಟರೆ ಒಂದೇ ತಂತಿಯಲ್ಲಿ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿದಂತೆ ಅಲೆ ಅಲೆಯಾಗಿ ಕೇಳುತ್ತಿದ್ದವು. ಮೂರೂ ಪಿಕಪ್‌ಗಳನ್ನು ಪೂರ್ತಿ ಕೆಳಗಿಳಿಸಿ ಅದೇ ಸ್ವರವನ್ನು ಬಾರಿಸಿದಾಗ ಅಲೆ ಮಾಯವಾಗಿತ್ತು. ಅಯಸ್ಕಾಂತದ ಎಳೆತವೇ ಕಾರಣವೆಂದು ತಿಳಿಯಲು ಇಷ್ಟು ಸಾಕು.

ಎತ್ತರ ಅಳೆಯಲು ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲ್ ಬೇಕು. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಪಿಕಪ್ಪಿನ ಮೇಲೆ ಆ ತಂತಿಯ ಕೆಳಗೆ ಕಾಣುವ ಗುಬುಟಿನ ತುದಿಯಿಂದ ತಂತಿಯ ಕೆಳಭಾಗದವರೆಗೆ ಅಳೆಯಬೇಕು. ಹಳೆಯ ಶೈಲಿಯ ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) ದಪ್ಪ ತಂತಿಯ ಕಡೆ ಸುಮಾರು 2.4 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಇಟ್ಟು ಆರಂಭಿಸಬಹುದು, ಹಂಬಕರ್‌ಗಾದರೆ (ಜೋಡಿ ಸುರುಳಿಯದು) ನೆಕ್ ಕಡೆ 2.4, ಬ್ರಿಜ್ (ತಂತಿಗಳು ಕೂರುವ ಕೆಳತುದಿ) ಕಡೆ 1.6. ಇವು ಆರಂಭದ ಅಳತೆಗಳು ಮಾತ್ರ, ಕೊನೆಯ ತೀರ್ಪು ಕಿವಿಯದ್ದು. ಬ್ರಿಜ್ ಹತ್ತಿರ ತಂತಿಯ ಓಲಾಟ ಕಡಿಮೆಯಾದ್ದರಿಂದ ಅಲ್ಲಿನ ಪಿಕಪ್ ಸಹಜವಾಗಿಯೇ ಮೆತ್ತಗೆ ನುಡಿಯುತ್ತದೆ. ಹಾಗಾಗಿ ಮೊದಲು ಅದನ್ನು ಹೊಂದಿಸಿ, ನಂತರ ನೆಕ್ ಪಿಕಪ್ಪನ್ನು ಅದರ ಮಟ್ಟಕ್ಕೆ ಬರುವಷ್ಟು ಕೆಳಗಿಳಿಸುವ ಕ್ರಮ ನನಗೆ ಹಿಡಿಸಿದೆ. ಹೊಂದಿಸುವಾಗ ಆಂಪ್ಲಿಫೈಯರಿನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಇರಬಾರದು, ಇದ್ದರೆ ಎಲ್ಲ ದೋಷವೂ ಅದರಡಿ ಮುಚ್ಚಿಹೋಗುತ್ತದೆ.

ನಿಜವಾಗಿ ಸತ್ತ ಪಿಕಪ್ಪನ್ನು ಮಲ್ಟಿಮೀಟರ್ ತೋರಿಸಿಕೊಡುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿ, ಜ್ಯಾಕಿಗೆ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯಲ್ಲಿ ಅಳೆದರೆ ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 5.5ರಿಂದ 6.5 ಕಿಲೋ ಓಮ್, ಹಂಬಕರ್‌ಗೆ 7ರಿಂದ 9 ಕಿಲೋ ಓಮ್ ಬರುತ್ತದೆ. ಅದರ ಬದಲು 250 ಕಿಲೋ ಓಮ್ (ಹಂಬಕರ್ ಗಿಟಾರಿನಲ್ಲಿ ಸಾಮಾನ್ಯವಾಗಿ 500) ಆಸುಪಾಸಿನ ಅಂಕೆ ಕಂಡರೆ ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟನ್ನು (ಗುಂಡಿಯ ಕೆಳಗಿನ ರೋಧಕ), ಅಂದರೆ ಸುರುಳಿ ಎಲ್ಲೋ ಕಡಿದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಅಪರೂಪವಲ್ಲ. ಸುರುಳಿಯ ತಂತಿ ಹೊರಬಂದು ಬೆಸುಗೆ ಸೇರುವ ತುದಿಯಲ್ಲಿ ಹಸಿರು ಕಿಲುಬು ಹತ್ತಿರುತ್ತದೆ, ಭೂತಗನ್ನಡಿ ಹಿಡಿದರೆ ಕಡಿದ ಎಳೆಯೂ ಕಾಣುತ್ತದೆ. ಹೊರಗಿನ ತುದಿಯಲ್ಲಿ ಕಡಿದಿದ್ದರೆ ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆಯಬಹುದು.

ಒಳಗೆ ಕಡಿದಿದ್ದರೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯ ನೆನಪಾಗುವುದು ಸಹಜ. ಅಲ್ಲಿ ಒಂದು ಎಚ್ಚರ ಬೇಕು. ಪಿಕಪ್ ತಯಾರಕರು ಹೇಳುವ 42 ನಂಬರ್ ತಂತಿ ಅಮೆರಿಕದ ಗೇಜಿನದು (ತಂತಿಯ ದಪ್ಪದ ಲೆಕ್ಕ), ಅದರ ದಪ್ಪ ಸುಮಾರು 0.063 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಗೇಜು, ಎಸ್‌ಡಬ್ಲ್ಯುಜಿ. ಅದರ 42 ನಂಬರ್ ಎಂದರೆ 0.1 ಮಿ.ಮೀ., ಸುರುಳಿ ಸುತ್ತುವ ಬಾಬಿನ್ನಿನಲ್ಲಿ ಬೇಕಾದಷ್ಟು ಸುತ್ತು ಹಿಡಿಯುವುದೇ ಇಲ್ಲ. ಕೇಳಬೇಕಾದದ್ದು 46 ನಂಬರ್. ಅದನ್ನು ಕಡಿಯದಂತೆ ಏಳೆಂಟು ಸಾವಿರ ಸುತ್ತು ಸುತ್ತುವ ತಾಳ್ಮೆ ಯಾರಿಗಿದೆ ಎಂಬುದು ಬೇರೆ ಮಾತು. ಹೊಸ ಪಿಕಪ್ ತರಿಸುವುದೇ ಲೇಸು ಎಂದು ನಾನು ಹೇಳುವುದು ಈ ಹಂತದಲ್ಲಿ.

ಹೊಸದನ್ನು ಕೂರಿಸುವಾಗ ಹಳೆಯ ವೈರಿಂಗಿನ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಬೇಕು. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸ್ವಿಚ್ಚಿನ ಕಾಲುಗಳಿಗೆ ಸಾಕು, ಪಾಟಿನ ಬೆನ್ನಿಗೆ ಸಾಲದು. ಆ ತಗಡು ಕಾಯುವಷ್ಟರಲ್ಲಿ ಒಳಗಿನ ಕಾರ್ಬನ್ ಪಟ್ಟಿಯೂ ಬೆಂದಿರುತ್ತದೆ. 50–60 ವ್ಯಾಟಿನದು ಹಿಡಿದು, ತಗಡನ್ನು ಮರಳು ಕಾಗದದಿಂದ ಉಜ್ಜಿ, ಮೂರು ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಸಬೇಕು. ಸಿಂಗಲ್ ಕಾಯಿಲ್ ತೆಗೆದು ಹಂಬಕರ್ ಹಾಕುವವರು 250 ಕಿಲೋ ಓಮಿನ ಪಾಟ್ ಬದಲಿಗೆ 500ರದ್ದನ್ನು ಹಾಕುವುದು ರೂಢಿ, ಇಲ್ಲವಾದರೆ ಧ್ವನಿ ಮಂಕಾಗುತ್ತದೆ.

ಬಣ್ಣದ ವೈರುಗಳಿಗೆ ಎಲ್ಲ ಕಂಪನಿಗಳದ್ದೂ ಒಂದೇ ಲೆಕ್ಕವಲ್ಲ. ಸೇಮೂರ್ ಡಂಕನ್ ಹಂಬಕರಿನಲ್ಲಿ ಸ್ವಿಚ್ಚಿಗೆ ಹೋಗುವುದು ಕಪ್ಪು, ಒಂದಕ್ಕೊಂದು ಸೇರಿಸುವುದು ಕೆಂಪು ಮತ್ತು ಬಿಳಿ. ಡಿಮಾರ್ಜಿಯೊದಲ್ಲಿ ಸ್ವಿಚ್ಚಿಗೆ ಕೆಂಪು, ಸೇರಿಸುವುದು ಕಪ್ಪು ಮತ್ತು ಬಿಳಿ. ಎರಡರಲ್ಲೂ ಹಸಿರು ಮತ್ತು ಹೊದಿಕೆಯಿಲ್ಲದ ವೈರು ಗ್ರೌಂಡಿಗೆ. ಡಂಕನ್ ಚಿತ್ರ ನೋಡಿ ಡಿಮಾರ್ಜಿಯೊವನ್ನು ಬೆಸೆದರೆ ಎರಡು ಸುರುಳಿಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ದುಡಿದು, ಮೂಗಿನಿಂದ ಬಂದಂಥ ತೆಳುವಾದ ಸದ್ದು ಹೊರಡುತ್ತದೆ. ಪಿಕಪ್ಪಿಗೇನೂ ಆಗಿರುವುದಿಲ್ಲ, ಆದರೂ ಬೈಗುಳ ಅದಕ್ಕೇ.

ಮಳೆಗಾಲದಲ್ಲಿ ಎತ್ತರದ ಸ್ಕ್ರೂಗಳ ಸ್ಪ್ರಿಂಗುಗಳು ತುಕ್ಕು ಹಿಡಿದು ಬಿಗಿ ಕಳೆದುಕೊಳ್ಳುತ್ತವೆ. ಅವುಗಳ ಜಾಗದಲ್ಲಿ ಲೇಟೆಕ್ಸ್ ಕೊಳವೆಯ ತುಂಡುಗಳನ್ನು ಹಾಕಿದರೆ ತುಕ್ಕಿನ ಚಿಂತೆಯೇ ಇಲ್ಲ. ಜೋರಾಗಿ ನುಡಿಸಿದಾಗ ಕೀರಲು ಶಬ್ದ ಮಾಡುವ ಪಿಕಪ್ಪಿಗೆ ಮೇಣ ಕುಡಿಸಬೇಕು: ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಡಬ್ಬಿಯಲ್ಲಿ 65 ಡಿಗ್ರಿ ಸೆಲ್ಸಿಯಸ್ ಮೀರದಂತೆ. ಎಷ್ಟೋ ಬಾಬಿನ್ನುಗಳು ಪ್ಲಾಸ್ಟಿಕ್ಕಿನವು ಎಂಬುದನ್ನು ಮರೆತು ಉರಿ ಹೆಚ್ಚಿಸಿದರೆ ಅವು ಡೊಂಕಾಗುತ್ತವೆ. ಜೇನುಮೇಣಕ್ಕೆ ಶಿರಸಿ ಕಡೆಯ ಜೇನು ಸಾಕುವವರಿದ್ದಾರೆ, ಆ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ.

ಎಲ್ಲ ಹೊಂದಿಸಿದ ಮೇಲೂ ಮೂರನೇ ತಂತಿಯೊಂದೇ ಜೋರಾಗಿ ಕೇಳುತ್ತದೆ ಎಂಬ ದೂರು ಹಳೆಯ ಶೈಲಿಯ ಸ್ಟ್ರ್ಯಾಟ್ ಪಿಕಪ್‌ಗಳಲ್ಲಿ ಬಂದೇ ಬರುತ್ತದೆ. 1954ರಲ್ಲಿ ಫೆಂಡರ್ ಆ ಗಿಟಾರನ್ನು ಹೊರತಂದಾಗ ಮೂರನೇ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿಯ ಸುತ್ತು ಇರುತ್ತಿತ್ತು. ಅದರ ಸದ್ದು ಕಡಿಮೆಯೆಂದು ಅದರ ಕೆಳಗಿನ ಅಯಸ್ಕಾಂತದ ಕಂಬಿಯನ್ನು (ಅಳತೆಯಲ್ಲಿ ಹೇಳಿದ ಗುಬುಟು ಅದರ ತುದಿ) ಎತ್ತರಿಸಲಾಯಿತು. ಈಗ ಹೆಚ್ಚಿನವರು ಹಾಕುವುದು ಸುತ್ತಿಲ್ಲದ ಬರಿಯ ತಂತಿ, ಆದರೆ ಕಂಬಿ ಹಾಗೆಯೇ ಉಳಿದಿದೆ. ಅದನ್ನು ಬೆರಳಿನಿಂದ ಒತ್ತಿ ತಗ್ಗಿಸಲು ಹೋಗಬಾರದು, ಏಕೆಂದರೆ ಇಂಥ ಪಿಕಪ್‌ಗಳಲ್ಲಿ ಸುರುಳಿಯನ್ನು ನೇರವಾಗಿ ಆ ಕಂಬಿಗಳ ಮೇಲೆಯೇ ಸುತ್ತಿರುತ್ತಾರೆ; ಕಂಬಿ ಜಾರಿದರೆ ಒಳಗಿನ ಎಳೆ ಕಡಿಯುತ್ತದೆ. ಇದು ತೀರಾ ಕಿರಿಕಿರಿಯೆನಿಸಿದವರು ಮುಂದಿನ ಸಲ ಪಿಕಪ್ ತರಿಸುವಾಗ ಆರೂ ಕಂಬಿಗಳು ಸಮಮಟ್ಟದಲ್ಲಿರುವುದನ್ನು ಕೇಳಿ ತರಿಸಬೇಕು.