ಭಾವನವರಿಗೆ ಸಿಕ್ಕ ಮೂತ್ರಪಿಂಡ

ಮಂಡ್ಯದಿಂದ ಮೈಸೂರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಓಡಾಡುತ್ತಿದ್ದ ನಮ್ಮ ಭಾವನವರಿಗೆ ಅವರ ತಂಗಿಯೇ ಮೂತ್ರಪಿಂಡ ಕೊಡಲು ಮುಂದಾದಾಗ, ಮನೆಯ ಹಿರಿಯರು ‘ತೀರಿಕೊಂಡವರದ್ದು ಸಿಕ್ಕರೆ ಸಾಲದೇ, ಚೆನ್ನಾಗಿರುವವಳ ಹೊಟ್ಟೆಯನ್ನೇಕೆ ಕುಯ್ಯಿಸಬೇಕು?’ ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಜೀವಂತ ದಾನಿಯ ಮೂತ್ರಪಿಂಡ ಸಾಮಾನ್ಯವಾಗಿ 15ರಿಂದ 20 ವರ್ಷ ಕೆಲಸ ಮಾಡಿದರೆ, ಮೃತ ದಾನಿಯದ್ದು 10ರಿಂದ 15 ವರ್ಷ ಬಾಳುತ್ತದೆ. ಜೀವಂತ ದಾನಿಯ ಅಂಗ ಹೆಚ್ಚಾಗಿ ಪಕ್ಕದ ಶಸ್ತ್ರಚಿಕಿತ್ಸಾ ಕೊಠಡಿಯಿಂದಲೇ ಬರುತ್ತದೆ. ಮೃತ ದಾನಿಯದ್ದಾದರೋ ಮಿದುಳು ಸಾವಿನ ಏರುಪೇರುಗಳನ್ನು ಉಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ರಕ್ತವಿಲ್ಲದೆ ಕಳೆದು ಬರುವುದರಿಂದ, ಕಸಿಯಾದ ಮೇಲೂ ಕೆಲವು ದಿನ ಮಂಕಾಗಿದ್ದು ಮತ್ತೆ ಡಯಾಲಿಸಿಸ್ ಬೇಕಾಗುವುದುಂಟು. ತಂಗಿಯ ಮೂತ್ರಪಿಂಡ ಕಸಿಯಾದ ಭಾವನವರ ಮೂತ್ರದ ಚೀಲವಾದರೋ ಅಂದು ಸಂಜೆಯೇ ತುಂಬಿತ್ತು. ಅಷ್ಟು ಹಳದಿ ನೀರನ್ನು ಕಂಡು ನಮ್ಮಕ್ಕ ಅತ್ತೇ ಬಿಟ್ಟಳು.

ಹಾಗೆಂದು ಮೃತ ದಾನಿಯ ಅಂಗವನ್ನು ಹೀಗಳೆಯುವುದು ತಪ್ಪು. ಬಹುತೇಕ ರೋಗಿಗಳಿಗೆ ಡಯಾಲಿಸಿಸ್‌ನಲ್ಲೇ ಉಳಿಯುವುದಕ್ಕಿಂತ ಅದು ಎಷ್ಟೋ ಮೇಲು. ಕೊಡುವ ಬಂಧುಗಳಿಲ್ಲದವರು ರಾಜ್ಯದ ಅಂಗದಾನ ಸಂಸ್ಥೆಯಾದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಾರೆ. ಇತ್ತ ಕೊಟ್ಟ ತಂಗಿಯೂ ತನ್ನ ರಕ್ತದೊತ್ತಡ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್‌ಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಈ ಬಾರಿ ಭಾವನವರೇ ಆಕೆಯನ್ನು ಬಸ್ಸಿನಲ್ಲಿ ಕರೆದೊಯ್ದರು, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯ ಡಬ್ಬಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು.