ಕೈಗಾಡಿಗೆ ಕಟ್ಟಿದ ಬೊಂಬಾಯಿಯ ಹೆಸರು

"ನಿಮ್ಮ ದೇಶದಿಂದ ಬಂದವರೊಬ್ಬರು ನಡೆದಿದ್ದಾರೆ. ಈ ಹೆಸರು ಟ್ರೆಕ್ಕಿಗೆ ಹೊರಟ ನಿಮ್ಮ ಮಗಳ ಹತ್ತಿರವೇ ಇರಲಿ." ಪಕ್ಕದ ಮನೆಯ ಹದಿನಾರರ ಹುಡುಗಿ ಹೀಗಂದು ಚೀಟಿಯೊಂದನ್ನು ಕೈಗಿಟ್ಟಳು. ಎಲಿಜಬೆತ್ ಝೇವಿಯರ್ ಟೇಟ್, ಹುಟ್ಟಿದ್ದು ಬೊಂಬಾಯಿ. 1856ರಲ್ಲಿ ಕೈಗಾಡಿ ಎಳೆದ ವಿಲ್ಲಿ ತಂಡದ ಜೊತೆ ಅಮೆರಿಕದ ಯೂಟಾಕ್ಕೆ ನಡೆದು ಬಂದವರು.

ಯೂಟಾದಲ್ಲಿ ಟ್ರೆಕ್ ಅಂದರೆ ಬೆಟ್ಟ ಹತ್ತುವುದಲ್ಲ. ಮಾರ್ಮನ್ ಎಂಬ ಪಂಗಡದ ಚರ್ಚಿನ ಹದಿಹರೆಯದ ಮಕ್ಕಳು ಹಳೆಯ ಕಾಲದ ಉಡುಪಿನಲ್ಲಿ ಮೂರು ದಿನ ಕೈಗಾಡಿ ಎಳೆದು ನಡೆಯುತ್ತಾರೆ. ಎಂಟು-ಹತ್ತು ಮಕ್ಕಳನ್ನು ಕೂಡಿಸಿ ಒಂದು 'ಕುಟುಂಬ' ಮಾಡುತ್ತಾರೆ, ಅದಕ್ಕೊಬ್ಬ 'ಪಾ', ಒಬ್ಬಳು 'ಮಾ'. ಚರ್ಚಿಗೆ ಸೇರದ ಸ್ನೇಹಿತರನ್ನೂ ಕರೆಯುವುದುಂಟು. ಹಾಗಾಗಿ ಕನ್ನಡದ ಮನೆಗಳಿಗೂ ಈ ಕರೆ ಬರುತ್ತದೆ.

1856ರಿಂದ 1860ರವರೆಗೆ ಹತ್ತು ತಂಡಗಳಲ್ಲಿ ಈ ಚರ್ಚಿನ ಸುಮಾರು ಮೂರು ಸಾವಿರ ಜನ ಯೂಟಾದಲ್ಲಿ ನೆಲೆಸಲೆಂದು ಹೀಗೆ ನಡೆದರು. ಎತ್ತು ಕೊಳ್ಳಲು ದುಡ್ಡಿರಲಿಲ್ಲ. ಐದು ಜನಕ್ಕೆ ಒಂದು ಗಾಡಿ, ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನು, ಅಂದರೆ ಎಂಟು ಕಿಲೋಗೂ ಕಡಿಮೆ. ಗಾಡಿಗಳನ್ನು ಅವಸರದಲ್ಲಿ ಹಸಿಮರದಿಂದ ಕಟ್ಟಿದ್ದರು. ಒಣ ಬಯಲಿಗೆ ಬಂದಾಗ ಮರ ಕುಗ್ಗಿ ಚಕ್ರ ಸಡಿಲಾಯಿತು, ಮರಳು ಸೇರಿ ಮರದ ಅಚ್ಚು ಸವೆಯಿತು. ಕೀಲೆಣ್ಣೆ ಇಲ್ಲದೆ ತಿನ್ನಲು ಇಟ್ಟುಕೊಂಡಿದ್ದ ಹಂದಿಮಾಂಸದ ಕೊಬ್ಬನ್ನೂ ಸಾಬೂನನ್ನೂ ಹಚ್ಚಿದರು. 1856ರ ವಿಲ್ಲಿ, ಮಾರ್ಟಿನ್ ತಂಡಗಳು ಹೊರಟಿದ್ದೇ ತಡವಾಗಿ, ಗಾಡಿ ಬೇರೆ ಎಳೆಯಲಾಗದು. ಮಾರ್ಟಿನ್ ತಂಡ ಭಾರ ಇಳಿಸಲೆಂದು ಸಾಮಾನನ್ನು ತಲಾ 10 ಪೌಂಡಿಗೆ ತಂದು ಕಂಬಳಿಗಳನ್ನೂ ಬಿಟ್ಟಿತು. ಅಕ್ಟೋಬರ್ 19ಕ್ಕೆ ಹಿಮ ಬಿತ್ತು. ವಿಲ್ಲಿ, ಮಾರ್ಟಿನ್ ಎರಡೂ ತಂಡಗಳ ಸುಮಾರು ಸಾವಿರ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ತೀರಿಕೊಂಡರು. ಮಕ್ಕಳು ಈಗ ಹೋಗುವ ವಯೋಮಿಂಗ್‌ನ ಮಾರ್ಟಿನ್ಸ್ ಕೋವ್ ಮಾರ್ಟಿನ್ ತಂಡ ಆಸರೆ ಪಡೆದ ಜಾಗ.

ಇನ್ನು ಕಳಿಸುವ ತಯಾರಿ. ಸಾಮಾನನ್ನೆಲ್ಲ ಐದು ಗ್ಯಾಲನ್ನಿನ ಮುಚ್ಚಳದ ಬಕೆಟ್ಟಿಗೆ ತುಂಬಬೇಕು. ಕೂರಲು ಅದೇ ಸ್ಟೂಲು. ಮಲಗುವ ಚೀಲ ದಪ್ಪ ಪ್ಲಾಸ್ಟಿಕ್ಕಿನೊಳಗಿರಲಿ. ಶೂ ಹೊಸದು ಬೇಡ, ತಿಂಗಳಾದರೂ ಹಾಕಿ ನಡೆದು ಪಳಗಿರಬೇಕು. ಒಳಗೆ ತೆಳು ಕಾಲುಚೀಲ, ಮೇಲೆ ಉಣ್ಣೆಯದು. ಹತ್ತಿಯದು ಬೆವರು ಹೀರಿ ಒದ್ದೆಯಾಗಿಯೇ ಉಳಿದು ಬೊಬ್ಬೆ ಏಳಿಸುತ್ತದೆ. ಹಿಮ್ಮಡಿ ಉರಿಯಿತೆಂದರೆ ಅಲ್ಲೇ ಗಾಡಿ ನಿಲ್ಲಿಸಿ ಪಟ್ಟಿ ಅಂಟಿಸಬೇಕು, 'ಸಂಜೆ ನೋಡೋಣ' ಅಂದವರು ಮಾರನೇ ದಿನ ಕುಂಟುತ್ತಾರೆ. ಜೀನ್ಸ್ ಬಿಡುವುದಿಲ್ಲ. ಹೆಣ್ಣುಮಕ್ಕಳಿಗೆ ನಮ್ಮ ಹತ್ತಿಯ ಲಂಗವೇ ಚೆನ್ನ, ಅಂಚು ಕಣಕಾಲಿನ ಮೇಲಿರಲಿ. ಉದ್ದವಾದರೆ ಏರಿನಲ್ಲಿ ತಾನೇ ತುಳಿದು ಮುಗ್ಗರಿಸುತ್ತಾಳೆ. ಜಾಗ ಸುಮಾರು 6,000 ಅಡಿ ಎತ್ತರದಲ್ಲಿದೆ. ಬಾಯಾರುವ ಮೊದಲೇ ನೀರು ಕುಡಿಯಬೇಕು, ಜೊತೆಗೆ ಓಆರ್‌ಎಸ್. ಜುಲೈ ರಾತ್ರಿಯಲ್ಲೂ ಸ್ವೆಟರ್ ಬೇಕು. ಸಸ್ಯಾಹಾರಿಗಳೆಂದು ಮೊದಲೇ ಹೇಳಿಡಿ. ಚಟ್ನಿಪುಡಿ, ಹುರಿಹಿಟ್ಟು ಕೆಡುವುದಿಲ್ಲ. ಮಾರ್ಮನ್ನರು ಕಾಫಿ, ಟೀ ಕುಡಿಯುವುದಿಲ್ಲ, ಜೊತೆಗೆ ಹೋಗುವ ದೊಡ್ಡವರಿಗೂ ಅವು ಸಿಗವು.

ಗಾಡಿ ತುಂಬುವುದು ಎತ್ತಿನಗಾಡಿ ತುಂಬಿದ ಹಾಗೆಯೇ. ಭಾರವೆಲ್ಲ ಅಚ್ಚಿನ ನೇರಕ್ಕೆ ಕೂರಬೇಕು. ಹಿಂದೆ ಹೆಚ್ಚಾದರೆ ಮುಂದಿನ ಕೈಮರ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎಳೆಯುವವರ ತೋಳು ಸೋಲುತ್ತದೆ. ನಿಜವಾದ ಅಪಾಯ ಇರುವುದು ಇಳಿಜಾರಿನಲ್ಲಿ. ಹಿಂದೆ ಹಗ್ಗ ಕಟ್ಟಿ ಇಬ್ಬರು-ಮೂವರು ಹಿಡಿದೆಳೆಯದಿದ್ದರೆ ಗಾಡಿ ಮುಂದಿನವರ ಮೇಲೆಯೇ ಹರಿದೀತು. ಒಂದು ಏರಿನಲ್ಲಿ ಹುಡುಗರೆಲ್ಲ ಪಕ್ಕಕ್ಕೆ ಸರಿದು ಮಾತಿಲ್ಲದೆ ನಿಲ್ಲುತ್ತಾರೆ, ಹೆಣ್ಣುಮಕ್ಕಳೇ ಎಳೆಯುತ್ತಾರೆ. ಗಂಡಂದಿರಿಲ್ಲದೆ ಎಳೆದವರ ನೆನಪಿಗೆ ಅದು.

ಪ್ರತಿ ಮಗುವಿನ ಹತ್ತಿರ ನಡೆದವರೊಬ್ಬರ ಹೆಸರಿನ ಚೀಟಿ ಇರುತ್ತದೆ. ಪಕ್ಕದ ಮನೆಯ ಹುಡುಗಿಯದು ಅವಳ ಅಜ್ಜಿಯ ಮುತ್ತಜ್ಜಿ. ನಾವು ತರ್ಪಣದಲ್ಲಿ ಮೂರು ತಲೆಮಾರಿಗೆ ನಿಲ್ಲಿಸುತ್ತೇವೆ. ನಮ್ಮವರೂ ನಡೆದವರೇ. 1876-78ರ ಬರದಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಗಳು ಗಂಜಿ ಹುಡುಕಿಕೊಂಡು ದಾರಿ ಹಿಡಿದವು. ನಾವು ಧಾತು ಈಶ್ವರ ಬರ ಎಂದು ಸಂವತ್ಸರಗಳ ಹೆಸರನ್ನು ಉಳಿಸಿಕೊಂಡೆವು, ನಡೆದವರ ಹೆಸರನ್ನು ಬಿಟ್ಟೆವು. ಬೊಂಬಾಯಿಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಹೆಸರನ್ನು ಇಲ್ಲಿಯವರು ಇಷ್ಟು ಜೋಪಾನ ಮಾಡಿದ್ದಾರೆ, ನಮ್ಮಿಂದ ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಮಗುವನ್ನು ಕಳಿಸುವ ಮೊದಲು ಊರಿಗೆ ಫೋನು ಮಾಡಿ, ಮನೆಯ ಹಿರಿಯರಲ್ಲಿ ಅತಿ ಹಿರಿಯರನ್ನು ಕೇಳಿ ಒಂದು ಹೆಸರನ್ನಾದರೂ ಅಲ್ಲಿ ಬರೆಸಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಇಂಕು ಬೆವರಿಗೆ ಹರಡುತ್ತದೆ. ಮೇಲೊಂದು ಪ್ಲಾಸ್ಟಿಕ್ ಕವರು ಹಾಕಿ. ಮಾರ್ಟಿನ್ಸ್ ಕೋವ್ ಹತ್ತಿರದ ಸ್ವೀಟ್‌ವಾಟರ್ ನದಿ ದಾಟುವಾಗ ಸೊಂಟದವರೆಗೂ ನೆನೆಯುವುದುಂಟು.