ಬೋಂಡನ ಹೊಸತೊಡಕು

ಬೇವು-ಬೆಲ್ಲ ಕೊಟ್ಟರೆ ಬೆಲ್ಲವನ್ನಷ್ಟೇ ನೆಕ್ಕಿ, ಬೇವಿನ ಹೂವನ್ನು ನೆಲದ ಮೇಲೆ ಉಗುಳಿಡುವ ಪ್ರಾಣಿ ನಮ್ಮ ಮನೆಯಲ್ಲಿ ಒಂದೇ ಎಂದುಕೊಂಡಿದ್ದೆ. 2025ರ ಯುಗಾದಿಯ ದಿನ ಬಗ್ಗಿ ನೋಡಿದರೆ ಎರಡಿದ್ದವು. ಒಂದು ಐದು ವರ್ಷದ ಮಗ ತೇಜು. ಇನ್ನೊಂದು, ಊಟದ ಮೇಜಿನ ಕೆಳಗೆ ಅವನ ಜೊತೆ ಒಂದೇ ಬಟ್ಟಲಿಗೆ ಮುಖ ಹಾಕಿದ್ದ ಬೋಂಡ.

ಬೋಂಡ ನಮ್ಮ ನಾಯಿ. ಮೂರು ವರ್ಷದ ಹಿಂದೆ ಮಳೆಯಲ್ಲಿ ನೆನೆದು ನಮ್ಮ ಸ್ಕೂಟರಿನ ಕೆಳಗೆ ಮುದುಡಿ ಕುಳಿತಿದ್ದ ಬೀದಿಮರಿ. ದುಂಡಗೆ, ಕಂದು ಬಣ್ಣಕ್ಕೆ, ಆಗತಾನೇ ಎಣ್ಣೆಯಿಂದ ಎತ್ತಿದಂತಿತ್ತು. ಹೆಸರಿಟ್ಟವಳು ಮಗಳು ಸಿರಿ. ಈಗ ಅವನು ಉದ್ದಕ್ಕೆ ಬೆಳೆದು ಬೋಂಡಕ್ಕಿಂತ ನುಗ್ಗೇಕಾಯಿಗೆ ಹತ್ತಿರವಾಗಿದ್ದಾನೆ, ಹೆಸರು ಮಾತ್ರ ಹಾಗೇ ಉಳಿದಿದೆ.

ನಮ್ಮ ಅತ್ತೆಗೆ ನಾಯಿ ಹೊಸದಲ್ಲ. ಮದ್ದೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಹೊಲ ಕಾಯುವ ನಾಯಿಗಳ ನಡುವೆಯೇ ಆಡಿದವರು. ಅವರ ತಕರಾರು ನಾಯಿಯ ಮೇಲಲ್ಲ, ನಾಯಿ ಸೋಫಾದ ಮೇಲೆ ಮಲಗುವುದರ ಮೇಲೆ. "ಹೆಸರಿಟ್ಟಿರಿ, ಸರಿ. ಹಾಸಿಗೆಯನ್ನೂ ಕೊಡಬೇಕೇ?" ಎಂದು ಬಂದ ವಾರವೇ ಕೇಳಿದ್ದರು. ಮೂರು ವರ್ಷದಲ್ಲಿ ಅವನನ್ನು ಒಮ್ಮೆಯೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವನೂ ಅವರ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಅಲ್ಲಿಗೆ ಮೂತಿಯನ್ನು ಮಾತ್ರ ಇಟ್ಟು ಮಲಗುತ್ತಾನೆ.

ಹಬ್ಬದ ಬೆಳಿಗ್ಗೆ ಅತ್ತೆ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಹಿತ್ತಾಳೆ ಬಟ್ಟಲಿನಿಂದ ಹರಳೆಣ್ಣೆ ಹಚ್ಚುತ್ತಿದ್ದರು. ನೆತ್ತಿಗೆ ತಟ್ಟುವ ಆ ಸದ್ದು ಕೇಳಿ ಬೋಂಡನೂ ಬಂದು ಸಾಲಿನಲ್ಲಿ ಮೂರನೆಯವನಾಗಿ ಕುಳಿತ.

"ಅಜ್ಜಿ, ಬೋಂಡನಿಗೆ?" ಎಂದ ತೇಜು.

"ನಾಯಿಗೆ ಯಾವ ಹಬ್ಬವೋ?" ಎಂದರು ಅತ್ತೆ.

ಯುಗಾದಿ ಭಾನುವಾರ ಬಿದ್ದಿತ್ತು, ಮಾರನೆಯ ದಿನ ರಂಜಾನ್ ರಜೆ. ಮಕ್ಕಳ ಪರೀಕ್ಷೆ ಮುಗಿದಿತ್ತು. ನಮ್ಮ ಬೀದಿಯ ಹೊಂಗೆ ಮರಗಳು ಹದಿನೈದು ದಿನದ ಹಿಂದೆ ಬೋಳಾಗಿದ್ದವು, ಈಗ ಅವೂ ಎಣ್ಣೆ ಸ್ನಾನ ಮುಗಿಸಿ ಬಂದಂತೆ ಹೊಸ ಎಲೆಯಲ್ಲಿ ಮಿರುಗುತ್ತಿದ್ದವು. ಇಂಥ ಸೋಮವಾರ ಮನೆಯಲ್ಲಿ ಕೂರುವುದು ಪಾಪ ಎಂದು ನನ್ನ ವಾದ. ಅದು ಹೊಸತೊಡಕು, ಮನೆಯಲ್ಲಿ ಬಾಡೂಟ ಮಾಡಬೇಕಾದ ದಿನ ಎಂದು ಅತ್ತೆಯ ವಾದ. "ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ. ಬೀದಿ ಸುತ್ತಿದರೆ ವರ್ಷವೆಲ್ಲ ಬೀದಿ ಸುತ್ತಬೇಕಾಗುತ್ತದೆ ಕಣಮ್ಮ." ನನಗೇನೋ ಅದು ಒಳ್ಳೆಯ ಭವಿಷ್ಯವೇ ಅನ್ನಿಸಿತು, ಹೇಳಲಿಲ್ಲ. ಕೊನೆಗೆ ಗಂಡ ನಡುವೆ ಬಂದು ರಾಜಿ ಮಾಡಿಸಿದರು. ಬೆಳಿಗ್ಗೆ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿ ನೋಡುವುದು, ಮಧ್ಯಾಹ್ನ ಅಲ್ಲಿಗೆ ಹತ್ತಿರವೇ ಇರುವ ಅತ್ತೆಯ ತವರಿನಲ್ಲಿ ಊಟ. ತವರು ಎಂದ ಕೂಡಲೇ ವರ್ಷಭವಿಷ್ಯ ಸುಧಾರಿಸಿತು.

ನಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ರಾತ್ರಿ ಹತ್ತಕ್ಕೆ ಎದ್ದಿತು. ಒಬ್ಬನೇ ಬಿಟ್ಟರೆ ಅವನು ಊಳಿಡುವುದಕ್ಕೆ ಕೆಳಮನೆಯವರಿಂದ ಈಗಾಗಲೇ ಎರಡು ಬಾರಿ ಮಾತು ಕೇಳಿದ್ದೆವು. ಹಕ್ಕಿಗಳ ಊರಿಗೆ ನಾಯಿ ಕರೆದೊಯ್ಯುವುದು ತಪ್ಪು ಎಂದು ನನಗೆ ಗೊತ್ತಿತ್ತು. ಆದರೆ ಸಿರಿಯ ಕಣ್ಣಲ್ಲಿ ನೀರು ನಿಂತಿತ್ತು, ತೇಜು ಆಗಲೇ ನಾಯಿಯ ನೀರಿನ ಬಟ್ಟಲನ್ನು ತನ್ನ ಶಾಲೆಯ ಚೀಲಕ್ಕೆ ತುರುಕಿದ್ದ. ಹಗ್ಗ ಒಂದು ಕ್ಷಣವೂ ಬಿಡುವುದಿಲ್ಲ ಎಂದು ಮಾತು ಕೊಟ್ಟುಕೊಂಡೆವು.

ಬೆಂಗಳೂರಿನಿಂದ ಸುಮಾರು ಎಂಬತ್ತು ಕಿಲೋಮೀಟರ್. ಹೊಸ ಹೆದ್ದಾರಿಯಲ್ಲಿ ಹೋಗಿದ್ದರೆ ಬೇಗ ಆಗುತ್ತಿತ್ತು. ಬಿಡದಿಯ ತಟ್ಟೆ ಇಡ್ಲಿಗಾಗಿ ಹಳೆಯ ರಸ್ತೆ ಹಿಡಿದೆವು. ರಾಮನಗರ ದಾಟಿದ ಮೇಲೆ ಎರಡೂ ಕಡೆ ಮಾವಿನ ತೋಟ, ಎಳೆಗಾಯಿಗಳು ಗೊಂಚಲಲ್ಲಿ ತೂಗುತ್ತಿದ್ದವು. ಬೋಂಡ ಕಿಟಕಿಯಿಂದ ಮೂತಿ ಹೊರಗಿಟ್ಟು ಚನ್ನಪಟ್ಟಣದವರೆಗೆ ಗಾಳಿ ಕುಡಿದ. ಅಲ್ಲಿ ವಾಂತಿ ಮಾಡಿದ. ಅತ್ತೆ ಮುಂದಿನ ಸೀಟಿನಿಂದ ಹಿಂದೆ ತಿರುಗದೆಯೇ "ಹೂಂ" ಎಂದರು.

ಚನ್ನಪಟ್ಟಣ ಕಳೆದು ಮದ್ದೂರಿಗೆ ಮುಂಚೆ ಎಡಕ್ಕೆ ತಿರುಗಿದರೆ ಕಬ್ಬಿನ ಗದ್ದೆಗಳ ನಡುವಿನ ರಸ್ತೆ. ಕೊಕ್ಕರೆಬೆಳ್ಳೂರು ಪಕ್ಷಿಧಾಮ ಎಂದುಕೊಂಡು ಹೋದರೆ ಮೊದಲು ಪೆಚ್ಚಾಗಬೇಕು. ಬೇಲಿ ಇಲ್ಲ, ಕೆರೆಯ ನಡುಗಡ್ಡೆ ಇಲ್ಲ, ದೋಣಿ ಇಲ್ಲ. ಅದು ಒಂದು ಊರು, ಅಷ್ಟೇ. ಮನೆ, ಜಗಲಿ, ತಿಪ್ಪೆ, ಕಟ್ಟಿಹಾಕಿದ ಎಮ್ಮೆ, ಮನೆಗಳ ನಡುವೆ ಹುಣಸೆ ಮರ. ತಲೆ ಎತ್ತಿದರೆ ಆ ಹುಣಸೆ ಮರದ ತುಂಬ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಮತ್ತು ಬಣ್ಣದ ಕೊಕ್ಕರೆಗಳು. ಐದು ಕಿಲೋ ತೂಗುವ, ಅಡಿಯುದ್ದದ ಕೊಕ್ಕಿನ ಹಕ್ಕಿ ಸಣ್ಣ ಎಲೆಯ ಆ ಮರದ ತುದಿಯಲ್ಲಿ ಕುಳಿತದ್ದನ್ನು ಕಂಡರೆ ಯಾರೋ ತಮಾಷೆಗೆ ಇಟ್ಟುಹೋದಂತೆ ಕಾಣುತ್ತದೆ. ಚಳಿಗಾಲದಲ್ಲಿ ಬಂದು, ಗೂಡು ಕಟ್ಟಿ, ಮರಿ ಬೆಳೆಸಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ನಾವು ಹೋದಾಗ ಮರಿಗಳು ತಾಯಿಯ ಗಾತ್ರಕ್ಕೆ ಬಂದಿದ್ದವು. ಒಂದು ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕುತ್ತಿಗೆಯವರೆಗೆ ತಲೆ ತೂರಿಸಿ ಮೀನು ಹುಡುಕುತ್ತಿತ್ತು. ತೇಜುವಿಗೆ ಗಾಬರಿ. "ಅಮ್ಮ, ಅದನ್ನು ನುಂಗುತ್ತಿದೆ!"

ಸಿರಿ ದುರ್ಬೀನು ಮತ್ತು ನೋಟುಪುಸ್ತಕ ತಂದಿದ್ದಳು. ಹಾಳೆಯ ಮೇಲೆ ಗೆರೆ ಎಳೆದು ಹಕ್ಕಿಯ ಹೆಸರು, ಸಂಖ್ಯೆ ಎಂದು ಎರಡು ಕಾಲಂ ಮಾಡಿಕೊಂಡು ಎಣಿಸಲು ಶುರು ಮಾಡಿದಳು, ಮೂರನೆಯ ಮರಕ್ಕೆ ಬಿಟ್ಟಳು. ತೇಜುವಿಗೆ ಹಿಡಿಸಿದ್ದು ಬೇರೆ ಸಂಗತಿ. ಬಣ್ಣದ ಕೊಕ್ಕರೆಯ ಕಾಲುಗಳಿಗೆ ಸುಣ್ಣ ಬಳಿದಂತೆ ಬೆಳ್ಳಗಿರುತ್ತದಲ್ಲ, ಅದು ಅವು ಬಿಸಿಲಿಗೆ ತಮ್ಮ ಕಾಲ ಮೇಲೆ ತಾವೇ ಹಿಕ್ಕೆ ಹಾಕಿಕೊಂಡದ್ದು. ಅದರ ತೇವ ಆರುವಾಗ ಮೈ ತಂಪಾಗುತ್ತದೆ. ಇದನ್ನು ಅವನಿಗೆ ಹೇಳಬಾರದಿತ್ತು. ಆ ದಿನವೆಲ್ಲ ಕಂಡಕಂಡವರಿಗೆ ಸಾರಿದ.

ಒಂದು ಜಗಲಿಯ ಮೇಲೆ ಹುಣಸೆ ಹಣ್ಣಿನ ಬೀಜ ಬಿಡಿಸುತ್ತಾ ಒಬ್ಬ ಅಜ್ಜಿ ಕುಳಿತಿದ್ದರು. ನಮ್ಮ ಅತ್ತೆ ಊರ ಹೆಸರು, ಮನೆತನ ಹೇಳಿ ಎರಡೇ ನಿಮಿಷದಲ್ಲಿ ನೆಂಟಸ್ತನ ಹುಡುಕಿ ಪಕ್ಕದಲ್ಲಿ ಕುಳಿತರು. ಗೂಡಿರುವ ಮರದ ಹಣ್ಣನ್ನು ಹಕ್ಕಿ ಹೋಗುವವರೆಗೆ ಬಡಿಯುವುದಿಲ್ಲವಂತೆ. ಅದರ ನಷ್ಟಕ್ಕೆ ಅರಣ್ಯ ಇಲಾಖೆ ಅಷ್ಟೋ ಇಷ್ಟೋ ಪರಿಹಾರ ಕೊಡುತ್ತದೆ. ಈ ಊರನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಆದರೆ ಅಜ್ಜಿಯ ಲೆಕ್ಕದಲ್ಲಿ ಅದೆಲ್ಲ ನಿನ್ನೆ ಮೊನ್ನೆಯದು. ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತಂತೆ. ಪ್ಲೇಗ್ ಬಂದು ಜನ ಊರು ಬಿಟ್ಟು ಇತ್ತ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ.

"ಅವು ನಮ್ಮ ಹೆಣ್ಣುಮಕ್ಕಳು ತಾಯಿ. ಬಾಣಂತನಕ್ಕೆ ತವರಿಗೆ ಬಂದಿವೆ" ಎಂದರು ಅಜ್ಜಿ.

"ಆರು ತಿಂಗಳ ಬಾಣಂತನ!" ಎಂದರು ನಮ್ಮ ಅತ್ತೆ. "ನನ್ನ ತವರಿನವರು ಮೂರಕ್ಕೇ ಕಳಿಸಿದ್ದರು."

ಸಿರಿ ದುರ್ಬೀನು ಇಳಿಸಿ ಕೇಳಿದಳು. "ಗಂಡು ಹಕ್ಕಿಗಳೂ ಇವೆಯಲ್ಲ ಅಜ್ಜಿ, ಅವು ಯಾರು?"

"ಅಳಿಯಂದಿರು. ಸುಮ್ಮನೆ ಕೂತು ಉಣ್ಣುವುದಿಲ್ಲ, ಅವೂ ಮೀನು ಹೊತ್ತು ತರುತ್ತವೆ" ಎಂದ ಅಜ್ಜಿ ನನ್ನ ಗಂಡನ ಕಡೆ ನೋಡಿದರು. ಗಂಡ ಕ್ಯಾಮೆರಾ ಸರಿಮಾಡಿಕೊಂಡರು.

ನಾಯಿಯ ಹಗ್ಗ ನನ್ನ ಕೈಯಲ್ಲೇ ಇತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈಗಲೂ ಮನೆಯಲ್ಲಿ ಇದರ ವಿಚಾರಣೆ ಮುಗಿದಿಲ್ಲ. ಸೆಕೆ ಎಂದು ಅವನ ಕೊರಳಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದವರು ಗಂಡ. ಬೋಂಡ ಅರ್ಧ ಗಂಟೆ ಸಂಭಾವಿತನಂತೆ ಕುಳಿತಿದ್ದ. ಊರ ನಾಯಿಗಳು ಹಕ್ಕಿಗಳ ಕಡೆ ಕಣ್ಣೆತ್ತಿಯೂ ನೋಡದೆ ನೆರಳಲ್ಲಿ ಬಿದ್ದುಕೊಂಡಿದ್ದವು, ಅವುಗಳನ್ನು ನೋಡಿ ಕಲಿತನೇನೋ ಎಂದು ನಾನೂ ಮೈಮರೆತೆ. ಆಗ ಮರದಿಂದ ಏನೋ ದೊಪ್ಪೆಂದು ಬಿತ್ತು. ಬೋಂಡ ಎದ್ದ. ಮುಂದಕ್ಕೆ ಎಳೆಯಲಿಲ್ಲ, ಹಿಂದಕ್ಕೆ ಎಳೆದ. ತಲೆ ತಗ್ಗಿಸಿ, ಕಿವಿ ಮಡಚಿ, ಬನಿಯನ್ ಬಿಚ್ಚುವ ಮಗುವಿನಂತೆ ಪಟ್ಟಿಯಿಂದ ಜಾರಿಕೊಂಡ. ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಾಲಿ ಪಟ್ಟಿ.

"ಮರಿ ಬಿದ್ದಿದೆ! ಬೋಂಡ ಮರಿ ತಿನ್ನುತ್ತಾನೆ!" ಸಿರಿಯ ಕಿರುಚಾಟಕ್ಕೆ ಬೀದಿಗೆ ಬೀದಿಯೇ ಹೊರಗೆ ಬಂತು. ಮರಿಗಳು ಗೂಡಿನಿಂದ ಬೀಳುವುದುಂಟು, ಬಿದ್ದವನ್ನು ಊರಿನವರು ಎತ್ತಿ ಮೀನು ಹಾಕಿ ಸಾಕುತ್ತಾರೆ ಎಂದು ಆಗಷ್ಟೇ ಕೇಳಿದ್ದೆವು. ಆ ಹತ್ತು ಹೆಜ್ಜೆ ಓಡುವಷ್ಟರಲ್ಲಿ ನನ್ನ ತಲೆಯೊಳಗೆ ಏನೇನು ಹಾದುಹೋಯಿತೋ! ಈ ಊರಿನ ಮಗಳ ಕೂಸನ್ನು ನಮ್ಮ ನಾಯಿ ಕಚ್ಚಿತು ಎಂದು ಆ ಅಜ್ಜಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಬಿದ್ದದ್ದು ಮರಿಯಲ್ಲ, ಮೀನು. ಗೇಣುದ್ದದ ಮೀನು, ಅರ್ಧ ಜೀರ್ಣವಾದದ್ದು. ಮರದ ಕೆಳಗೆ ಊರಿನವರು ಗುಂಡಿ ತೋಡಿ ಹಿಕ್ಕೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಬಿದ್ದದ್ದು ಆ ಗುಂಡಿಗೆ. ಬೋಂಡ ಅದನ್ನು ತಿನ್ನಲೂ ಇಲ್ಲ. ಒಮ್ಮೆ ಮೂಸಿದ, ಮುಖದಲ್ಲಿ ಪರಮಾನಂದ ಮೂಡಿತು, ಬಲಭುಜ ಮೊದಲು ಊರಿ, ಅದರ ಮೇಲೆ ಬೆನ್ನು ಹಾಕಿ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಉರುಳಿದ. ಮತ್ತೆ ಉರುಳಿದ. ಕಂದು ನಾಯಿ ಹೋಗಿ ಬೂದು ನಾಯಿ ಎದ್ದು ನಿಂತಿತು. ಮೇಲಿನಿಂದ ಒಂದು ಹೆಜ್ಜಾರ್ಲೆ ಕತ್ತು ಓರೆ ಮಾಡಿ ನೋಡಿತು.

ಆ ವಾಸನೆಯನ್ನು ಹೇಗೆ ಹೇಳಲಿ? ಮೀನು ಮಾರುಕಟ್ಟೆಯ ಚರಂಡಿಗೆ ಅಮೋನಿಯಾ ಸುರಿದು ಬಿಸಿಲಲ್ಲಿ ಇಟ್ಟಂತೆ. ಕಣ್ಣಲ್ಲಿ ನೀರು ಬಂತು. ಊರಿನವರು ಬೈಯುತ್ತಾರೆಂದು ನಾನು ನಿಂತರೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಗಂಡ ಕಾರಿನ ಬೀಗದ ಕೈಯನ್ನು ಜೇಬಿನ ಆಳಕ್ಕೆ ತಳ್ಳಿ, "ಇವನು ಹತ್ತಿದರೆ ನಾನು ಹತ್ತುವುದಿಲ್ಲ" ಎಂದರು.

ಆಗ ಅತ್ತೆ ಜಗಲಿಯಿಂದ ಇಳಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ, "ಒಂದು ಬಕೆಟ್ ಕೊಡು ತಾಯಿ" ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿಯ ಸೊಸೆ ಬಕೆಟ್ಟಿನ ಜೊತೆ ಒಂದು ಡಬ್ಬಿಯನ್ನೂ ತಂದಳು. ನಿನ್ನೆಯ ಹಬ್ಬದಲ್ಲಿ ಉಳಿದ ಸೀಗೆಪುಡಿ.

ನಲ್ಲಿಯ ಬಳಿಯ ಕಲ್ಲುಚಪ್ಪಡಿಯ ಮೇಲೆ, ಮೂರು ವರ್ಷ ಮುಟ್ಟದ ನಾಯಿಯನ್ನು ಅತ್ತೆ ಎರಡು ಮೊಣಕಾಲ ನಡುವೆ ಇರುಕಿಸಿಕೊಂಡರು. ನೀರೆಂದರೆ ಮನೆಯಲ್ಲಿ ನಮ್ಮ ನಾಲ್ವರನ್ನೂ ಎಳೆದಾಡುವವನು ಕಲ್ಲಿನಂತೆ ನಿಂತ. ಎಡಗೈ ಹಸ್ತವನ್ನು ಅವನ ಕಣ್ಣಿಗೆ ಅಡ್ಡ ಹಿಡಿದು ಬಲಗೈಯಲ್ಲಿ ಉಜ್ಜಿದರು. ಸೀಗೆ ಕಣ್ಣಿಗೆ ಬಿದ್ದರೆ ಉರಿಯುತ್ತದಲ್ಲ, ಮಕ್ಕಳಿಗೂ ಹಾಗೆಯೇ ಹಿಡಿಯುತ್ತಿದ್ದರು. ಕಂದು ನೊರೆ, ಅದರಲ್ಲಿ ಬಿಳಿ ಹಿಕ್ಕೆ, ಅದರ ನಡುವೆ ಕಿವಿಯ ಹಿಂದೆ ಅಂಟಿ ಹೊಳೆಯುತ್ತಿದ್ದ ಒಂದೇ ಒಂದು ಮೀನಿನ ಹುರುಪೆ. ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದು, "ಅಲ್ಲಾಡಬೇಡ, ಮುಂಡೇದೆ" ಎಂದರು. ಬೋಂಡ ಅಲ್ಲಾಡಲಿಲ್ಲ. ನಾಲ್ಕು ಬಕೆಟ್ ನೀರಾಯಿತು.

"ಅಜ್ಜಿ, ಎಣ್ಣೆ ಹಚ್ಚಲೇ ಇಲ್ಲ" ಎಂದ ತೇಜು.

"ನಿನ್ನ ಬಾಯಿಗೆ ಹಚ್ಚುತ್ತೇನೆ ನೋಡು" ಎಂದರು.

ಬಕೆಟ್ ಹಿಂತಿರುಗಿಸುವಾಗ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ಸಲ ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಮೆಲ್ಲಗೆ ಹೇಳಿದರು. ನಗುತ್ತಲೇ ಹೇಳಿದರು. ಹಾಗಾಗಿ ಇನ್ನಷ್ಟು ನಾಟಿತು.

ತವರಿನ ಊಟದ ವಿಷಯ ಬರೆದರೆ ಇನ್ನೊಂದು ಬರಹವಾದೀತು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಎಲ್ಲರೂ ನಮ್ಮಿಂದ ಒಂದು ಮಾರು ದೂರ ಕುಳಿತು ಉಂಡರು ಎಂದಷ್ಟೇ ಹೇಳುತ್ತೇನೆ. ಬೋಂಡನನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದೆವು. ಮೂಳೆಗಾಗಿ ಅತ್ತನು, ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ ಎಂದು ಕೊಡಲಿಲ್ಲ. ಬರುವಾಗ ನಾಲ್ಕು ಕಿಟಕಿಯನ್ನೂ ಇಳಿಸಿದ್ದೆವು. ಸಿರಿ ಹಿಂದಿನ ಸೀಟಿನಲ್ಲಿ ನೋಟುಪುಸ್ತಕ ತೆರೆದು ಪಟ್ಟಿ ಮುಗಿಸಿದ್ದಳು. ಹೆಜ್ಜಾರ್ಲೆ, ಲೆಕ್ಕವಿಲ್ಲ. ಬಣ್ಣದ ಕೊಕ್ಕರೆ, ಲೆಕ್ಕವಿಲ್ಲ. ಬೋಂಡ, 1.

ಮುಂದಿನ ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಹೋದೆ. ಅತ್ತೆ ಮೆಟ್ಟಿಲ ಮೇಲೆ ಕುಳಿತಿದ್ದರು. ಮೊಣಕಾಲ ನಡುವೆ ಬೋಂಡ, ಪಕ್ಕದಲ್ಲಿ ಹಬ್ಬದ ಹಿತ್ತಾಳೆ ಬಟ್ಟಲು, ಅದರಲ್ಲಿ ಹರಳೆಣ್ಣೆ. ಕಿವಿ ಮಡಚಿ ಒಳಗೆ ನೋಡುತ್ತಾ ಬೆರಳಿನಿಂದ ಎಣ್ಣೆ ಸವರುತ್ತಿದ್ದರು.

"ಉಣ್ಣೆ ಇದೆ. ಅದಕ್ಕೆ" ಎಂದರು, ನಾನು ಕೇಳುವ ಮೊದಲೇ.

ಉಣ್ಣೆಗೆ ಎಣ್ಣೆ ಹಾಕಬಾರದು, ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಕೀಳಬೇಕು ಎಂದು ಪಶುವೈದ್ಯರು ನಮಗೆ ಹೇಳಿದ್ದರು. ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅವರ ಕೈ ಕಿವಿಯಿಂದ ನೆತ್ತಿಗೆ ಬಂದಿತ್ತು, ಅಂಗೈ ತುಂಬ ಎಣ್ಣೆ, ತಟ್ಟುವ ಅದೇ ಸದ್ದು. ನೆತ್ತಿಯಲ್ಲಿ ಯಾವ ಉಣ್ಣೆಯೂ ಇರಲಿಲ್ಲ. ಬೋಂಡ ಕಣ್ಣು ಮುಚ್ಚಿದ್ದ.

"ಹೊಸತೊಡಕಿನ ದಿನ ನಾಯಿ ತೊಳೆದೆನಲ್ಲ" ಎಂದರು ಅತ್ತೆ, ನನ್ನ ಮುಖ ನೋಡದೆ. "ಇನ್ನು ವರ್ಷವೆಲ್ಲ ಇದೇ ಕೆಲಸ. ಸ್ವಲ್ಪ ಬಿಸಿನೀರು ಕಾಯಿಸು ಹೋಗು."